ಮಗ ಪೈಲಟ್ ಆಗಲಿ, ಆದರೆ ಹೊಲದ ಖರೀದಿ ಪತ್ರಕ್ಕೆ ಸಹಿ ಕೊನೆಗೆ ಹಾಕಿ

ಪಿಯುಸಿ ರಿಸಲ್ಟ್ ಬಂದ ವಾರದಿಂದ ಫೋನಿನಲ್ಲಿ ಒಂದೇ ತರಹದ ರೀಲ್ಸ್ ಬರತೊಡಗುತ್ತವೆ. ಬಿಳಿ ಅಂಗಿ, ಭುಜದ ಮೇಲೆ ಬಂಗಾರದ ಬಣ್ಣದ ಪಟ್ಟಿ, ಕಪ್ಪು ಕನ್ನಡಕ, ಹಿಂದೆ ವಿಮಾನ. ‘ಪಿಯುಸಿ ಪಾಸಾದರೆ ಸಾಕು, 18 ತಿಂಗಳಲ್ಲಿ ಪೈಲಟ್ ಆಗಿ, ಲಕ್ಷಗಟ್ಟಲೆ ಸಂಬಳ’ ಎಂಬ ಮಾತು. ಕೆಳಗೊಂದು ವಾಟ್ಸಾಪ್ ನಂಬರ್. ನಮ್ಮ ಕಲಬುರಗಿ ಭಾಗದಲ್ಲಿ ಈ ರೀಲ್ಸ್ ಇನ್ನೂ ಜೋರಾಗಿ ನಾಟುತ್ತವೆ. 2019ರ ನವೆಂಬರ್‌ನಲ್ಲಿ ಶ್ರೀನಿವಾಸ ಸರಡಗಿ ಬಳಿ ವಿಮಾನ ನಿಲ್ದಾಣ ಶುರುವಾಯಿತು. 2021ರಲ್ಲಿ ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರ ಕಲಬುರಗಿ ಮತ್ತು ಬೆಳಗಾವಿ ಸೇರಿದಂತೆ ದೇಶದ ಐದು ಕಡೆ ಪೈಲಟ್ ತರಬೇತಿ ಶಾಲೆಗಳಿಗೆ ಜಾಗ ಕೊಟ್ಟಿತು. ತೊಗರಿ ಹೊಲದಲ್ಲಿ ನಿಂತ ಹುಡುಗ ತಲೆ ಎತ್ತಿದರೆ ಪುಟ್ಟ ತರಬೇತಿ ವಿಮಾನ ಕಾಣುತ್ತದೆ. ಅದನ್ನು ಓಡಿಸುತ್ತಿರುವವನಿಗೂ ತನ್ನಷ್ಟೇ ವಯಸ್ಸು ಎಂಬುದು ಅವನಿಗೆ ಗೊತ್ತು.

ಹಾಗಾಗಿ ನಮಗೆ ಬರುವ ಫೋನುಗಳೂ ಬದಲಾಗಿವೆ. ಮೊದಲು ಡಿ.ಎಡ್., ನರ್ಸಿಂಗ್, ಪೊಲೀಸ್ ಭರ್ತಿ ಕೇಳುತ್ತಿದ್ದರು. ಈಗ ಹೀಗೂ ಕೇಳುತ್ತಾರೆ: ‘ಸರ್ರ, ರೋಡ್ ಬಾಜು ನಾಲ್ಕ್ ಎಕರೆ ಅದ. ಗಿರಾಕಿ ಬಂದಾನ. ಮಾರಿ ಹುಡುಗನ್ನ ಪೈಲೆಟ್ ಮಾಡ್ಬೇಕಂತ ಮಾಡೀನಿ. ನೀವು ಪೇಪರ್‌ನವ್ರು, ಹೇಳ್ರಿ, ಮಾಡ್ಲ್ಯೋ ಬ್ಯಾಡೋ?’

ಮಾಡಬೇಡಿ ಎಂದು ಹೇಳುವ ಹಕ್ಕು ನಮಗಿಲ್ಲ. ಹಳ್ಳಿ ಮಕ್ಕಳು ದೊಡ್ಡದನ್ನು ಬಯಸಿದಾಗಲೆಲ್ಲ ‘ನಮ್ಮಂಥವರಿಗ್ಯಾಕೆ’ ಎಂದು ಮೊದಲು ಹೇಳುವವರು ಊರಿನವರೇ. ನಾವು ಆ ಸಾಲಿಗೆ ಸೇರುವುದಿಲ್ಲ. ಆದರೆ ಈ ಹಾದಿಯಲ್ಲಿ ಯಾವ ಕೆಲಸ ಮೊದಲು, ಯಾವುದು ಕೊನೆಗೆ ಎಂಬುದು ತಲೆಕೆಳಗಾಗಿದೆ. ಹೊಲ ಮೊದಲು ಹೋಗುತ್ತದೆ, ಕಣ್ಣಿನ ಪರೀಕ್ಷೆ ಆಮೇಲೆ ಆಗುತ್ತದೆ. ನಮ್ಮ ತಕರಾರು ಇಷ್ಟಕ್ಕೇ.

ರೀಲ್ಸ್‌ನಲ್ಲಿ ಹೇಳದ ಮಾತಿನಿಂದಲೇ ಶುರು ಮಾಡೋಣ. ಪೈಲಟ್ ಲೈಸೆನ್ಸ್ ಬೇರೆ, ಪೈಲಟ್ ಕೆಲಸ ಬೇರೆ. ತರಬೇತಿ ಶಾಲೆ ನಿಮ್ಮ ಮಗನಿಗೆ ಸಿಪಿಎಲ್ ಎಂಬ ವಾಣಿಜ್ಯ ಪೈಲಟ್ ಲೈಸೆನ್ಸ್ ಪಡೆಯುವಷ್ಟು ಹಾರಾಟ ಕಲಿಸುತ್ತದೆ. ಲೈಸೆನ್ಸ್ ಕೊಡುವುದು ಡಿಜಿಸಿಎ, ಅಂದರೆ ಕೇಂದ್ರದ ನಾಗರಿಕ ವಿಮಾನಯಾನ ನಿರ್ದೇಶನಾಲಯ. ಅದಕ್ಕೆ 18 ವರ್ಷ ತುಂಬಿರಬೇಕು. ಕನಿಷ್ಠ 200 ಗಂಟೆ ಹಾರಿರಬೇಕು, ಅದರಲ್ಲಿ 100 ಗಂಟೆ ತಾನೇ ಕಮಾಂಡ್‌ನಲ್ಲಿ ಇರಬೇಕು. ನ್ಯಾವಿಗೇಷನ್, ಹವಾಮಾನ, ವಾಯುಯಾನ ನಿಯಮ, ವಿಮಾನದ ತಾಂತ್ರಿಕ ವಿಷಯ ಇವುಗಳ ಪರೀಕ್ಷೆ ಪಾಸಾಗಬೇಕು, ಪ್ರತಿಯೊಂದರಲ್ಲೂ ನೂರಕ್ಕೆ 70 ಬೇಕು. ರೇಡಿಯೊದಲ್ಲಿ ಮಾತಾಡುವುದಕ್ಕೂ ಬೇರೆ ಪರೀಕ್ಷೆ, ಬೇರೆ ಸರ್ಟಿಫಿಕೇಟ್.

ಇಷ್ಟೆಲ್ಲ ಆದಮೇಲೆ ಕೈಗೆ ಬರುವ ಲೈಸೆನ್ಸಿನಿಂದ ಪುಟ್ಟ ವಿಮಾನ ಓಡಿಸಬಹುದು. ನಾವು ಬೆಂಗಳೂರಿನಿಂದ ದಿಲ್ಲಿಗೆ ಹೋಗುವ ಏರ್‌ಬಸ್, ಬೋಯಿಂಗ್ ಓಡಿಸಲು ಆಯಾ ವಿಮಾನಕ್ಕೆಂದೇ ‘ಟೈಪ್ ರೇಟಿಂಗ್’ ಎಂಬ ಇನ್ನೊಂದು ತರಬೇತಿ ಆಗಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಟ್ರ್ಯಾಕ್ಟರ್ ಲೈಸೆನ್ಸ್ ಇದ್ದ ಮಾತ್ರಕ್ಕೆ ಕೆಎಸ್‌ಆರ್‌ಟಿಸಿ ಬಸ್ ಕೊಡುವುದಿಲ್ಲವಲ್ಲ, ಹಾಗೆ. ಸಿಪಿಎಲ್‌ಗೆ ಇವತ್ತು 40ರಿಂದ 60 ಲಕ್ಷ ಹೋಗುತ್ತದೆ. ಟೈಪ್ ರೇಟಿಂಗ್‌ಗೆ ಮತ್ತೆ ಹತ್ತು–ಇಪ್ಪತ್ತು ಲಕ್ಷದ ಮಾತು. ದೊಡ್ಡ ಏರ್‌ಲೈನ್‌ಗಳು ತಾವೇ ಆಯ್ದು ತರಬೇತಿ ಕೊಡಿಸುವ ‘ಕೆಡೆಟ್’ ಯೋಜನೆಗಳಿವೆ, ಅಲ್ಲಿ ಖರ್ಚು ಕೋಟಿ ಮುಟ್ಟುತ್ತದೆ. ಇದೆಲ್ಲ ದಾಟಿ ಏರ್‌ಲೈನ್‌ನ ಲಿಖಿತ ಪರೀಕ್ಷೆ, ಸಿಮ್ಯುಲೇಟರ್ ಪರೀಕ್ಷೆ, ಸಂದರ್ಶನ ಗೆದ್ದರೆ ಆಗ ಮೊದಲ ಸಂಬಳ. ಅದು ತಿಂಗಳಿಗೆ ಲಕ್ಷ ದಾಟುತ್ತದೆ, ರೀಲ್ಸ್‌ನವರು ಸುಳ್ಳು ಹೇಳುತ್ತಿಲ್ಲ. ನಡುವಿನ ಮೆಟ್ಟಿಲುಗಳನ್ನು ತೋರಿಸುವುದಿಲ್ಲ, ಅಷ್ಟೆ.

ಈಗ ದುಡ್ಡಿನ ವಿಷಯ. ಬ್ಯಾಂಕ್ ಸಾಲ ಇದೆಯಲ್ಲ ಎನ್ನುತ್ತಾರೆ ಏಜೆಂಟರು. ಇದೆ, ಸಿಪಿಎಲ್‌ಗೆ ಶಿಕ್ಷಣ ಸಾಲ ಕೊಡುವ ಬ್ಯಾಂಕ್‌ಗಳಿವೆ, ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಆದರೆ ಸಾಮಾನ್ಯ ಶಿಕ್ಷಣ ಸಾಲದ ನಿಯಮದಲ್ಲಿ 7.5 ಲಕ್ಷ ದಾಟಿತೆಂದರೆ ಆಸ್ತಿ ಅಡವಿಡಬೇಕು. ಆಗ ಅಪ್ಪ ಪಹಣಿ ಹಿಡಿದು ಬ್ಯಾಂಕಿಗೆ ಹೋಗುತ್ತಾನೆ. ಮ್ಯಾನೇಜರ್ ಪಹಣಿ ನೋಡಿ ಮೂತಿ ಸೊಟ್ಟ ಮಾಡುತ್ತಾನೆ, ‘ಇದು ನಡೆಯೋದಿಲ್ಲ, ಸಿಟಿಯಲ್ಲಿ ಮನೆ ಅಥವಾ ಎನ್‌ಎ ಪ್ಲಾಟ್ ಇದ್ದರೆ ತನ್ನಿ’ ಎನ್ನುತ್ತಾನೆ.

ಬೆಳೆ ಸಾಲಕ್ಕೆ ಆಗುವ ಹೊಲ ಮಗನ ಓದಿಗೆ ಯಾಕೆ ಆಗುವುದಿಲ್ಲ? ಇದಕ್ಕೆ ಕಾರಣವಿದೆ. ಸಾಲ ಕಟ್ಟದವರ ಆಸ್ತಿಯನ್ನು ಕೋರ್ಟ್ ಸುತ್ತಾಡದೆ ವಶಕ್ಕೆ ತೆಗೆದುಕೊಳ್ಳಲು ಬ್ಯಾಂಕ್‌ಗಳಿಗೆ ಅಧಿಕಾರ ಕೊಟ್ಟಿರುವುದು 2002ರ ಸರ್ಫೇಸಿ ಕಾಯ್ದೆ. ಅದು ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ರೈತನ ಹೊಲ ಬ್ಯಾಂಕಿನ ಪಾಲಾಗದಿರಲಿ ಎಂಬುದು ಒಳ್ಳೆಯ ಉದ್ದೇಶವೇ. ಆದರೆ ಜಪ್ತಿ ಮಾಡಲು ಸುಲಭವಿಲ್ಲದ ಆಸ್ತಿಯನ್ನು ದೊಡ್ಡ ಶಿಕ್ಷಣ ಸಾಲಕ್ಕೆ ಅಡವು ಇಟ್ಟುಕೊಳ್ಳಲು ಬಹುತೇಕ ಬ್ಯಾಂಕ್‌ಗಳು ಹಿಂಜರಿಯುತ್ತವೆ. ಫಲ ಏನಾಯಿತು? ಸಿಟಿಯಲ್ಲಿ ಒಂದು ಮನೆ ಇರುವವನು ಅದನ್ನು ಅಡವಿಟ್ಟು, ಅದರಲ್ಲೇ ವಾಸ ಮಾಡುತ್ತ ಮಗನನ್ನು ಪೈಲಟ್ ಮಾಡುತ್ತಾನೆ. ಹತ್ತು ಎಕರೆ ಇರುವ ರೈತ ಐದು ಎಕರೆಯನ್ನು ಪೂರ್ತಿ ಕಳೆದುಕೊಂಡೇ ಮಾಡಬೇಕು. ಕಾಯ್ದೆ ಹೊಲವನ್ನು ಬ್ಯಾಂಕಿನಿಂದ ಉಳಿಸಿತು, ರೈತನ ಸ್ವಂತ ಹೆಬ್ಬೆಟ್ಟಿನಿಂದ ಉಳಿಸಲಿಲ್ಲ.

ಸಾಲ ಸಿಕ್ಕರೂ ಲೆಕ್ಕ ಹಗುರವಲ್ಲ. 50 ಲಕ್ಷಕ್ಕೆ ಶೇ 10.5ರ ಬಡ್ಡಿ ಹಿಡಿಯಿರಿ. ಹತ್ತು ವರ್ಷದ ಕಂತು ಮಾಡಿದರೆ ತಿಂಗಳಿಗೆ 67 ಸಾವಿರ ರೂಪಾಯಿ. ಕೆಲಸ ಸಿಗದೆ ಕೂತ ಒಂದೊಂದು ವರ್ಷಕ್ಕೂ ಬಡ್ಡಿಯೇ ಐದು ಲಕ್ಷ ದಾಟುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಐದು ಎಕರೆ ತೊಗರಿಯಲ್ಲಿ ಖರ್ಚು ಕಳೆದು ಎಷ್ಟು ಉಳಿಯುತ್ತದೆ ಎಂದು ಈ ಬ್ಲಾಗ್ ಓದುವವರಿಗೆ ನಾವು ಹೇಳಬೇಕಿಲ್ಲ.

ಹಾಗಾದರೆ ಮೊದಲು ಏನು ಮಾಡಬೇಕು? ಮೆಡಿಕಲ್. ಅಡ್ವಾನ್ಸ್ ಕೊಡುವ ಮೊದಲು, ಅಡ್ಮಿಷನ್ ಕೇಳುವ ಮೊದಲು ಮೆಡಿಕಲ್. ಪೈಲಟ್‌ಗೆ ಮೊದಲು ಎರಡನೇ ದರ್ಜೆಯ, ಆಮೇಲೆ ಒಂದನೇ ದರ್ಜೆಯ ವೈದ್ಯಕೀಯ ಪರೀಕ್ಷೆ ಇರುತ್ತದೆ. ಡಿಜಿಸಿಎ ಒಪ್ಪಿದ ವೈದ್ಯರು, ಕೇಂದ್ರಗಳು ಮಾತ್ರ ಮಾಡಬೇಕು. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಒಂದನೇ ದರ್ಜೆಯ ಪರೀಕ್ಷೆ ನಡೆಯುತ್ತದೆ. ಕನ್ನಡಕ ಇದ್ದರೆ ಪೈಲಟ್ ಆಗಲು ಬರುವುದಿಲ್ಲ ಎಂಬುದು ಊರಿನ ಮಾತು, ಅದು ನಿಜವಲ್ಲ. ಕನ್ನಡಕ ಹಾಕಿಕೊಂಡು ದೃಷ್ಟಿ ಸರಿಯಾಗುವುದಾದರೆ ಏರ್‌ಲೈನ್ ಪೈಲಟ್ ಆಗಬಹುದು. ತೊಂದರೆ ಬರುವುದು ಬಣ್ಣಗುರುಡಿನಲ್ಲಿ. ಕೆಂಪು–ಹಸಿರು ಗುರುತಿಸುವುದರಲ್ಲಿ ದೋಷ ಇರುವ ಎಷ್ಟೋ ಗಂಡುಮಕ್ಕಳಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಹುಟ್ಟಿನಿಂದ ಹಾಗೇ ನೋಡಿದ್ದಾರೆ, ಹೊಲ ಮಾಡಲು, ಬೈಕ್ ಓಡಿಸಲು ಅಡ್ಡಿಯಾಗಿಲ್ಲ. ತಾಲ್ಲೂಕು ಆಸ್ಪತ್ರೆಯ ಕಣ್ಣಿನ ಡಾಕ್ಟರ್ ಚುಕ್ಕೆಗಳ ಪುಸ್ತಕ ತೋರಿಸಿ ಐದು ನಿಮಿಷದಲ್ಲಿ ಹೇಳಬಲ್ಲರು. ಆ ಐದು ನಿಮಿಷ ಮೊದಲೇ ಆಗಿಬಿಟ್ಟರೆ ನಾಲ್ಕು ಎಕರೆ ಉಳಿಯಬಹುದು.

ಎರಡನೆಯದು ಪುಸ್ತಕದ ಪರೀಕ್ಷೆ. ವಿಮಾನ ಹತ್ತದೆಯೇ ಓದಿ ಬರೆಯಬಹುದಾದ ಪರೀಕ್ಷೆಗಳಿವು. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇದ್ದವರು ಡಿಜಿಸಿಎ ಪೋರ್ಟಲ್‌ನಲ್ಲಿ ಅಂಕಪಟ್ಟಿ ಪರಿಶೀಲನೆ ಮಾಡಿಸಿ ಒಂದು ಕಂಪ್ಯೂಟರ್ ನಂಬರ್ ಪಡೆಯಬೇಕು. ಕಲೆ, ವಾಣಿಜ್ಯ ಓದಿದವರಲ್ಲಿ ಎಷ್ಟೋ ಜನ ಮುಕ್ತ ಶಾಲೆಯ ಮೂಲಕ ಆ ಎರಡು ವಿಷಯ ಮಾತ್ರ ಕಟ್ಟಿ ಪಾಸು ಮಾಡಿಕೊಂಡು ಬಂದಿದ್ದಾರೆ. ಇಲ್ಲಿ ಖರ್ಚು ಸಾವಿರಗಳಲ್ಲಿದೆ, ಕೋಚಿಂಗ್‌ಗೆ ಹೋದರೆ ಒಂದೆರಡು ಲಕ್ಷದಲ್ಲಿ. ಒಂದು ವರ್ಷ ಮನೆಯಲ್ಲಿ ಕೂತು ಹವಾಮಾನ, ನ್ಯಾವಿಗೇಷನ್ ಓದಿ 70 ಅಂಕ ತೆಗೆದ ಹುಡುಗನಿಗೆ ಹಾರಲು ದುಡ್ಡು ಹಾಕುವುದು ಒಂದು, ಪುಸ್ತಕ ಮುಟ್ಟದೆ ಯೂನಿಫಾರ್ಮ್ ಕನಸು ಕಾಣುವವನಿಗೆ ಹಾಕುವುದು ಇನ್ನೊಂದು. ಪಾಸಾದ ಅಂಕಕ್ಕೂ ಕಾಲಮಿತಿ ಇದೆ, ಹಾಗಾಗಿ ತೀರಾ ಮೊದಲೂ ಬೇಡ. ಆದರೆ ಕನಿಷ್ಠ ಎರಡು ಪೇಪರ್ ಪಾಸು ಮಾಡಿ ತೋರಿಸು, ಆಮೇಲೆ ಗಿರಾಕಿ ಕರೆಸುತ್ತೇನೆ ಎಂದು ಅಪ್ಪ ಹೇಳಿದರೆ ಅದು ಮಗನ ಮೇಲೆ ಅಪನಂಬಿಕೆ ಅಲ್ಲ.

ಇಂಗ್ಲಿಷಿನ ಅಂಜಿಕೆ ಬಗ್ಗೆಯೂ ಒಂದು ಮಾತು. ಅಂತರರಾಷ್ಟ್ರೀಯ ಅಳತೆಯಲ್ಲಿ ಆರು ಹಂತಗಳಿದ್ದು ನಾಲ್ಕನೇ ಹಂತ ಮುಟ್ಟಿದರೆ ಸಾಕು. ಅಲ್ಲಿ ನೋಡುವುದು ಟಿವಿ ಆ್ಯಂಕರ್‌ಗಳ ಉಚ್ಚಾರ ಅಲ್ಲ. ಕೇಳಿದ್ದು ಅರ್ಥವಾಗಬೇಕು, ಹೇಳಿದ್ದು ಎದುರಿನವನಿಗೆ ಸ್ಪಷ್ಟವಾಗಬೇಕು. ಕನ್ನಡ ಮೀಡಿಯಂ ಮಕ್ಕಳಿಗೆ ಇದು ವರ್ಷ–ಎರಡು ವರ್ಷದ ಅಭ್ಯಾಸ, ಆಗದ ಕೆಲಸವಲ್ಲ.

ಮೂರನೆಯದು ಶಾಲೆಯ ಆಯ್ಕೆ. ಕಟ್ಟಡ, ಯೂನಿಫಾರ್ಮ್, ಹಾಸ್ಟೆಲ್ ನೋಡಿ ಬರುವವರೇ ಹೆಚ್ಚು. ಕೇಳಬೇಕಾದ ಪ್ರಶ್ನೆ ಬೇರೆ. ಇವತ್ತು ಹಾರುವ ಸ್ಥಿತಿಯಲ್ಲಿ ಎಷ್ಟು ವಿಮಾನ ಇವೆ? ಎಷ್ಟು ವಿದ್ಯಾರ್ಥಿಗಳು, ಎಷ್ಟು ಬೋಧಕರು? ಕಳೆದ ತಿಂಗಳು ಒಬ್ಬ ವಿದ್ಯಾರ್ಥಿ ಸರಾಸರಿ ಎಷ್ಟು ಗಂಟೆ ಹಾರಿದ? ಉತ್ತರವನ್ನು ಆಫೀಸಿನಲ್ಲಿ ಕೇಳಬೇಡಿ, ಗೇಟಿನ ಹೊರಗೆ ಚಹಾ ಅಂಗಡಿಯಲ್ಲಿ ನಿಂತಿರುವ ವಿದ್ಯಾರ್ಥಿಗಳನ್ನು ಕೇಳಿ. ‘12 ತಿಂಗಳ ಕೋರ್ಸ್’ ಎಂದು ಸೇರಿದವರು ವಿಮಾನ ರಿಪೇರಿ, ಮಳೆಗಾಲ, ಬೋಧಕರ ಕೊರತೆ ಎಂದು ಎರಡು ವರ್ಷ ಕಾಯುವುದು ಈ ಲೋಕದಲ್ಲಿ ಮಾಮೂಲಿ. ಕಾಯುವ ತಿಂಗಳಿಗೂ ರೂಮಿನ ಬಾಡಿಗೆ, ಮೆಸ್ಸಿನ ಬಿಲ್ಲು ತಪ್ಪುವುದಿಲ್ಲ. ಪೂರ್ತಿ ಫೀ ಒಂದೇ ಸಲ ಕಟ್ಟಿದರೆ ಇಷ್ಟು ಲಕ್ಷ ರಿಯಾಯಿತಿ ಎನ್ನುತ್ತಾರೆ, ದಯವಿಟ್ಟು ಕಟ್ಟಬೇಡಿ. ಹಾರಿದ ಗಂಟೆಗೆ ತಕ್ಕ ಕಂತು ಕೊಡಿ, ರಸೀದಿ ಪಡೆಯಿರಿ, ಅರ್ಧಕ್ಕೆ ಬಿಟ್ಟರೆ ಎಷ್ಟು ಹಿಂದೆ ಬರುತ್ತದೆ ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ.

ಡಿಜಿಸಿಎ 2025ರ ಅಕ್ಟೋಬರ್‌ನಿಂದ ತರಬೇತಿ ಶಾಲೆಗಳಿಗೆ ದರ್ಜೆ ಕೊಡಲು ಶುರು ಮಾಡಿದೆ. ಮೊದಲ ಪಟ್ಟಿಯಲ್ಲಿ ದೇಶದ ಯಾವ ಶಾಲೆಗೂ ‘ಎ’ ಸಿಗಲಿಲ್ಲ, ಇದ್ದವೆಲ್ಲ ‘ಬಿ’ ಮತ್ತು ‘ಸಿ’. 50 ಲಕ್ಷ ಕೊಡುವ ಜಾಗದ ದರ್ಜೆ ಇದು. ಸುರಕ್ಷತೆಯ ಪ್ರಶ್ನೆಯೂ ದೂರದ್ದಲ್ಲ. 2023ರ ಮೇ 30ರಂದು ಬೆಳಗಾವಿ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನವೊಂದು ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿಯಿತು. ಪುಣ್ಯಕ್ಕೆ ಜೀವಹಾನಿ ಆಗಲಿಲ್ಲ. ಅಂದು ಎಲ್ಲರೂ ವಿಮಾನದ ಜೊತೆ ಸೆಲ್ಫಿ ಹಾಕಿದರು, ಮರುದಿನ ಮರೆತರು.

ಇನ್ನು ಕೆಲಸದ ಮಾತು. 2023ರಲ್ಲಿ ಇಂಡಿಗೊ 500, ಏರ್ ಇಂಡಿಯಾ 470 ವಿಮಾನಗಳಿಗೆ ಆರ್ಡರ್ ಕೊಟ್ಟವು. ಇಷ್ಟು ವಿಮಾನಕ್ಕೆ ಪೈಲಟ್‌ಗಳು ಬೇಕೇ ಬೇಕು, ಅದು ನಿಜ. ಪೈಲಟ್‌ಗಳ ವಿಶ್ರಾಂತಿ ನಿಯಮ ಬಿಗಿಯಾದಾಗ, 2025ರ ಡಿಸೆಂಬರ್‌ನಲ್ಲಿ ದೇಶದ ಅತಿ ದೊಡ್ಡ ಏರ್‌ಲೈನ್ ಸಾವಿರಾರು ವಿಮಾನಯಾನ ರದ್ದು ಮಾಡಬೇಕಾಯಿತು, ಅದನ್ನೂ ನೋಡಿದೆವು. ಆದರೆ ಅದೇ 2023ರಲ್ಲಿ ಡಿಜಿಸಿಎ 1,622 ಸಿಪಿಎಲ್ ಕೊಟ್ಟಿದೆ. ಅದೇ ವರ್ಷ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತುಹೋಯಿತು. ಅದಕ್ಕೂ ಮೊದಲು 2012ರಲ್ಲಿ ಕಿಂಗ್‌ಫಿಷರ್, 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2020ರಲ್ಲಿ ಕೊರೊನಾ. ಪ್ರತಿ ಸಲವೂ ಅನುಭವ ಇರುವ ನೂರಾರು ಪೈಲಟ್‌ಗಳು ಬೀದಿಗೆ ಬಂದರು, ಅವರ ಹಿಂದೆ ಹೊಸ ಲೈಸೆನ್ಸಿನ ಹುಡುಗರು ಸಾಲಿನ ಕೊನೆಗೆ ಹೋದರು. ಖಾರಿಫ್, ಹಿಂಗಾರಿ ಇದ್ದ ಹಾಗೆ ಈ ಕಸುಬಿಗೂ ಒಳ್ಳೆಯ ವರ್ಷ, ಬರಗಾಲದ ವರ್ಷ ಇವೆ. ಒಂದೇ ವ್ಯತ್ಯಾಸ, ಇಲ್ಲಿ ಬೆಳೆ ವಿಮೆ ಇಲ್ಲ.

ದುಡ್ಡಿಲ್ಲದೆ ಹಾರುವ ದಾರಿ ಇಲ್ಲವೇ? ಇದೆ, ಅದನ್ನು ಯಾವ ರೀಲ್ಸ್‌ನಲ್ಲೂ ಹೇಳುವುದಿಲ್ಲ, ಯಾಕೆಂದರೆ ಅದರಲ್ಲಿ ಕಮಿಷನ್ ಇಲ್ಲ. ಯುಪಿಎಸ್‌ಸಿ ನಡೆಸುವ ಎನ್‌ಡಿಎ ಪರೀಕ್ಷೆ ಗೆದ್ದು ವಾಯುಪಡೆಯ ಹಾರಾಟ ವಿಭಾಗ ಸೇರಿದರೆ ತರಬೇತಿಗೆ ಒಂದು ರೂಪಾಯಿ ಇಲ್ಲ. ಪಿಯುಸಿಯಲ್ಲಿ ಇರುವಾಗಲೇ ಬರೆಯಬಹುದು, ಈಗ ಹೆಣ್ಣುಮಕ್ಕಳೂ ಬರೆಯಬಹುದು. ಆಯ್ಕೆ ಕಠಿಣ, ಕಣ್ಣಿನ ನಿಯಮವೂ ಬಿಗಿ, ಸೇವೆಯ ಕರಾರೂ ದೀರ್ಘ. ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ಇದೆ, ಅದಕ್ಕೆ ಮಕ್ಕಳನ್ನು ಆರನೇ ಇಯತ್ತೆಗೇ ಕಳಿಸುವ ವಿಚಾರ ನಮ್ಮ ಊರುಗಳಲ್ಲಿ ಬರುವುದೇ ಅಪರೂಪ. ವಿಮಾನದ ಲೋಕದಲ್ಲೇ ಇರಬೇಕು ಎನ್ನುವವರಿಗೆ ನೆಲದ ಮೇಲಿನ ಇನ್ನೊಂದು ಕೆಲಸ ಏರ್ ಟ್ರಾಫಿಕ್ ಕಂಟ್ರೋಲರ್. ಫಿಸಿಕ್ಸ್, ಮ್ಯಾಥ್ಸ್ ಇರುವ ಬಿ.ಎಸ್ಸಿ. ಮಾಡಿದವರು ವಿಮಾನ ನಿಲ್ದಾಣ ಪ್ರಾಧಿಕಾರದ ಪರೀಕ್ಷೆ ಬರೆಯಬಹುದು. ಪೈಲಟ್‌ಗೆ ಇಳಿ, ಏರು ಎಂದು ಹೇಳುವವರೇ ಅವರು. ಅದಕ್ಕೆ ಹೊಲ ಮಾರಬೇಕಾಗಿಲ್ಲ.

ನಡುವೆ ಒಂದು ಸಣ್ಣ ವಿಷಯ. ‘ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಹಳ್ಳಿಯವರೇ ಅಲ್ಲವೇ, ಅವರು ಪೈಲಟ್ ಆಗಲಿಲ್ಲವೇ’ ಎಂದು ಬಹಳ ಜನ ಕೇಳುತ್ತಾರೆ, ‘ಸೂರರೈ ಪೋಟ್ರು’ ಸಿನಿಮಾ ನೋಡಿದವರಂತೂ ಖಂಡಿತ ಕೇಳುತ್ತಾರೆ. ಅವರ ಹೆಸರಿನ ಮುಂದಿರುವ ಕ್ಯಾಪ್ಟನ್ ಸೇನೆಯದು, ವಿಮಾನದ್ದಲ್ಲ. ಸೇನೆ ಬಿಟ್ಟು ಬಂದು ಹಾಸನ ಜಿಲ್ಲೆಯಲ್ಲಿ ಒಕ್ಕಲುತನ ಮಾಡಿದರು, 2003ರಲ್ಲಿ ಏರ್ ಡೆಕ್ಕನ್ ಕಟ್ಟಿದರು. ದೊಡ್ಡ ಸಾಧನೆ, ಆದರೆ ಪೈಲಟ್ ಆಗಲು ಸಾಲ ಮಾಡುವವರಿಗೆ ಅದು ಉದಾಹರಣೆ ಆಗುವುದಿಲ್ಲ.

ಉದಾಹರಣೆ ಬೇಕಿದ್ದರೆ ಹೆಣ್ಣುಮಕ್ಕಳನ್ನು ನೋಡಿ. 2021ರ ಜನವರಿ 11ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ಸುಮಾರು 16,000 ಕಿಲೋಮೀಟರ್ ಹಾರಿ ಏರ್ ಇಂಡಿಯಾ ವಿಮಾನ ಬೆಂಗಳೂರಿಗೆ ಇಳಿಯಿತು. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಂಗಸರು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್‌ವಾಲ್. ನಮ್ಮ ದೇಶದ ಪೈಲಟ್‌ಗಳಲ್ಲಿ ಸುಮಾರು ಶೇ 15 ಮಹಿಳೆಯರು, ಜಗತ್ತಿನ ಸರಾಸರಿಗಿಂತ ಬಹಳ ಹೆಚ್ಚು. ಆದರೆ ನಮಗೆ ಬಂದ ಫೋನುಗಳಲ್ಲಿ ‘ಮಗಳನ್ನು ಪೈಲಟ್ ಮಾಡಬೇಕು, ಹೊಲ ಮಾರಲೇ’ ಎಂದವರು ಇದುವರೆಗೆ ಒಬ್ಬರೂ ಇಲ್ಲ. ಮಗಳ ಮದುವೆಗೆ ಎರಡು ಎಕರೆ ಮಾರುವಾಗ ಯಾರೂ ನಮ್ಮನ್ನು ಕೇಳುವುದೂ ಇಲ್ಲ.

ಕೊನೆಗೆ ಸರ್ಕಾರದ ಪಾಲು. ವಿಮಾನ ನಿಲ್ದಾಣಕ್ಕೆ ಹೊಲ ಹೋಗಿದ್ದು ಹಳ್ಳಿಗಳದ್ದು, ಕಲಬುರಗಿಯಲ್ಲೂ ಅಷ್ಟೆ, 2023ರಲ್ಲಿ ಉದ್ಘಾಟನೆಯಾದ ಶಿವಮೊಗ್ಗದ ಸೋಗಾನೆಯಲ್ಲೂ ಅಷ್ಟೆ. ಆ ಜಾಗದಲ್ಲಿ ಹಾರಲು ಕಲಿಯುವವರು ಮಾತ್ರ ಹೊರಗಿನಿಂದ ದುಡ್ಡು ತಂದವರು. ಮೆಡಿಕಲ್, ಇಂಜಿನಿಯರಿಂಗ್‌ಗೆ ಸಿಇಟಿ ಸೀಟು ಇದೆ, ನಮ್ಮ ಭಾಗಕ್ಕೆ 371(ಜೆ) ಮೀಸಲಾತಿ ಇದೆ. ಪೈಲಟ್ ತರಬೇತಿ ಸಿಇಟಿ ಸೀಟು ಹಂಚಿಕೆಯಲ್ಲೇ ಇಲ್ಲ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಸಿಪಿಎಲ್ ಹೆಸರಿದೆ, ಸಮಾಜ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ ‘ಹಂಗೇನೂ ಇಲ್ಲ’ ಎಂದು ಕಳಿಸುವವರೇ ಜಾಸ್ತಿ. ಜಕ್ಕೂರಿನಲ್ಲಿ ಮೈಸೂರು ರಾಜರ ಕಾಲದ ಜಾಗದಲ್ಲಿ ರಾಜ್ಯ ಸರ್ಕಾರದ್ದೇ ಫ್ಲೈಯಿಂಗ್ ಶಾಲೆ ಇದೆ. ಅದು ವರ್ಷಗಟ್ಟಲೆ ಹಾರದೆ ನಿಂತದ್ದು, ಮತ್ತೆ ಶುರುವಾಯಿತು ಎಂದು ಮಂತ್ರಿಗಳು ಹೇಳಿದ್ದು, ಇದನ್ನೆಲ್ಲ ನಾವು ಸುದ್ದಿ ಮಾಡಿ ಸುಸ್ತಾಗಿದ್ದೇವೆ.

ಪುಕ್ಕಟೆ ಹಾರಿಸಿ ಎಂದು ಯಾರೂ ಕೇಳುತ್ತಿಲ್ಲ. ಮೆಡಿಕಲ್ ಮತ್ತು ಲಿಖಿತ ಪರೀಕ್ಷೆ ಎರಡೂ ಪಾಸಾದ ಹಳ್ಳಿ ಮಕ್ಕಳಿಗೆ, ಹೊಲ ಅಡವಿಡದೆ, ಸರ್ಕಾರದ ಜಾಮೀನಿನಲ್ಲಿ ಬ್ಯಾಂಕ್ ಸಾಲ ಕೊಡಿಸಿದರೆ ಸಾಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬರುವ ಸಾವಿರಾರು ಕೋಟಿಯಲ್ಲಿ ವರ್ಷಕ್ಕೆ 20 ಮಕ್ಕಳ ಜಾಮೀನು ಎಷ್ಟು ದೊಡ್ಡ ಮೊತ್ತ? ತಲಾ 50 ಲಕ್ಷದಂತೆ ಹತ್ತು ಕೋಟಿ, ಅದೂ ಖರ್ಚಲ್ಲ, ಜಾಮೀನು ಮಾತ್ರ. ಮುಂದಿನ ಸಲ ಶಾಸಕರು ಸಮುದಾಯ ಭವನದ ಪೂಜೆಗೆ ಊರಿಗೆ ಬಂದಾಗ ಈ ಲೆಕ್ಕ ಚೀಟಿಯಲ್ಲಿ ಬರೆದು ಕೈಗೆ ಕೊಡಿ. ಏನು ಹೇಳಿದರು ಎಂಬುದನ್ನು ನಮಗೂ ವಾಟ್ಸಾಪ್ ಮಾಡಿ, ಹೇಳಿದ್ದನ್ನು ಹೇಳಿದ ಹಾಗೇ ಇಲ್ಲಿ ಹಾಕುತ್ತೇವೆ.